ಆರು ತುಂಬಿದರೆ ಅಡಗುವೆ

ವಡಪಳನಿ, ಚೆನ್ನೈ-೨೬
೧೪ ಮಾರ್ಚ್ ೧೯೯೯, ಭಾನುವಾರ ಸಂಜೆ

ಪ್ರೀತಿಯ ಅಕ್ಕಾ,

ನಿನ್ನ ಕೆಮ್ಮು ಹೇಗಿದೆ? ತಿರುಚಿಯ ಬಿಸಿಲಿಗೆ ಅದು ತಾನಾಗಿ ಹೋಗುತ್ತದೆ ಅಂತ ಭಾವ ಫೋನಿನಲ್ಲಿ ಹೇಳಿದ್ದರು. ನನಗೆ ನಂಬಿಕೆ ಇಲ್ಲ, ಡಾಕ್ಟರಿಗೆ ತೋರಿಸು. ಇಲ್ಲಿ ಅಪ್ಪನ ಮಂಡಿನೋವು ಇದ್ದ ಹಾಗೇ ಇದೆ, ಅಮ್ಮ ಚೆನ್ನಾಗಿದ್ದಾಳೆ, ಅಜ್ಜಿ ನಮ್ಮೆಲ್ಲರಿಗಿಂತ ಚೆನ್ನಾಗಿದ್ದಾಳೆ. ನಾನು ಮತ್ತೆ ಕೆಲಸ ಬದಲಾಯಿಸಿದೆ. ಶಾಲೆ ಬಿಟ್ಟ ಮೇಲೆ ಇದು ನಾಲ್ಕನೆಯದು, ಅಪ್ಪ ಹೇಳುವ ಮೊದಲು ನಾನೇ ಹೇಳಿಬಿಡುತ್ತೇನೆ. ಕೋಡಂಬಾಕ್ಕಂನಲ್ಲಿ ಸಿನಿಮಾ ಸೆಟ್ಟಿಗೆ ಅರಮನೆಯ ಕಂಬ, ಸಿಂಹಾಸನ ಬಾಡಿಗೆಗೆ ಕೊಡುವ ಅಂಗಡಿ. ಕಂಬಗಳೆಲ್ಲ ಥರ್ಮಾಕೋಲಿನವು. ಒಂದೇ ಕೈಯಲ್ಲಿ ಎತ್ತಿ ವ್ಯಾನಿಗೆ ಹಾಕುತ್ತೇನೆ, ದೂರದಿಂದ ನೋಡಿದವರು ಭೀಮ ಅಂದುಕೊಳ್ಳಬೇಕು.

ಈಗ ಸುದ್ದಿ. ಅಜ್ಜಿಯ ಒಗಟು ಬಿಡಿಸಿದೆ.

ಹೌದು, ಅದೇ ಒಗಟು. "ಆರು ತುಂಬಿದರೆ ಅಡಗುವೆ, ಆರು ಆರಿದರೆ ಹರಡುವೆ, ಕೂತವರಿಗೆ ಗಾದಿ, ನಡೆದವರಿಗೆ ಹಾದಿ, ನಾನಾರು?" ಬಿಡಿಸಿದವರು ಏನು ಕೇಳಿದರೂ ಇಲ್ಲ ಅನ್ನುವುದಿಲ್ಲ ಎಂದು ಅಜ್ಜಿ ನಾವು ಚಿಕ್ಕವರಾಗಿದ್ದಾಗಿನಿಂದ ಹೇಳಿಕೊಂಡು ಬಂದ ಪಣ. ನೀನು ಷಣ್ಮುಖ ಅಂದಿದ್ದೆ. ವಡಪಳನಿಯ ಗುಡಿ ಪಕ್ಕ ಬೆಳೆದವರಿಗೆ ಆರು ಅಂದರೆ ಮುರುಗನ ಮುಖವಲ್ಲದೆ ಇನ್ನೇನು ಹೊಳೆಯಬೇಕು? "ದೇವರ ಮೇಲೆ ಕೂರ್ತೀಯೇನೇ?" ಅಂತ ಅಜ್ಜಿ ತಲೆಗೆ ಮೊಟಕಿದ್ದಳು. ಅಪ್ಪ, ಮಗುವಿಗೆ ಆರು ತುಂಬಿದರೆ ಉದುರುವ ಹಾಲುಹಲ್ಲು ಅಂದರು. "ಹಲ್ಲಿನ ಮೇಲೆ ನಡಕೊಂಡು ಆಫೀಸಿಗೆ ಹೋಗು ತಿರುಮಲ" ಅಂದಳು. ನಾನು ಆರು ದೀಪ ಆರಿದರೆ ಹರಡುವ ಕತ್ತಲೆ ಅಂದೆ, ಅದನ್ನು ಕೇಳಿ ನಗಲೂ ಇಲ್ಲ. ಎರಡು ವರ್ಷದಿಂದ ನಾನು ಆ ಒಗಟಿನ ಬೆನ್ನು ಬಿದ್ದಿದ್ದು ಯಾಕೆ ಅಂತ ನಿನಗೆ ಗೊತ್ತು. ರಿಜಿಸ್ಟರ್ ಮದುವೆ ಮಾಡಿಕೊಂಡು ನೀನು ಕದಿರೇಶನ್ ಭಾವನ ಜೊತೆ ಬಾಗಿಲಲ್ಲಿ ನಿಂತಾಗ, "ಈ ತಮಿಳಿನವನ ಕೈಹಿಡಕೊಂಡು ನನ್ನ ಮನೆ ಹೊಸಿಲು ತುಳೀಬೇಡ" ಅಂದಳಲ್ಲ, ಆ ಮಾತನ್ನು ವಾಪಸು ತೆಗೆಸಲು ಅವಳ ಪಣ ಬಿಟ್ಟರೆ ಬೇರೆ ದಾರಿ ನನಗೆ ಕಾಣಲಿಲ್ಲ.

ಮೊನ್ನೆ ಶುಕ್ರವಾರ ಚೆಂಗಲ್ಪಟ್ಟಿನ ಆಚೆ ಶೂಟಿಂಗಿಗೆ ಕಂಬ ಒಯ್ಯುತ್ತಿದ್ದೆವು. ಪಾಲಾರ್ ಸೇತುವೆಯ ಮೇಲೆ ವ್ಯಾನು ನಿಂತಿತ್ತು. ಕೆಳಗೆ ನೀರಿಲ್ಲ, ಒಂದಷ್ಟು ಹುಡುಗರು ಕ್ರಿಕೆಟ್ ಆಡುತ್ತಿದ್ದರು, ಹೆಂಗಸರು ತಲೆಯ ಮೇಲೆ ಸೌದೆ ಹೊತ್ತು ಈ ದಡದಿಂದ ಆ ದಡಕ್ಕೆ ನಡೆದೇ ದಾಟುತ್ತಿದ್ದರು. ಡ್ರೈವರ್ ಅಣ್ಣ, ರಾಯಪುರಂನವರು, ಬೀಡಿ ಹಚ್ಚುತ್ತಾ "ಆರು ಪಾರು ತಂಬಿ, ತಣ್ಣಿಯೇ ಇಲ್ಲೆ" ಅಂದರು. ಹೊಳೆ ನೋಡು, ನೀರೇ ಇಲ್ಲ. ಅಕ್ಕಾ, ಆಗ ತಟ್ಟಿತು: ತಮಿಳಿನಲ್ಲಿ ಆರು ಅಂದರೆ ಹೊಳೆ. ಹೊಳೆ ತುಂಬಿದರೆ ಅಡಗುತ್ತದೆ, ಹೊಳೆ ಆರಿದರೆ ಹರಡುತ್ತದೆ. ಮರಳು. ಬೀದಿಗಿಳಿದರೆ ಕಿವಿಗೆ ಬೀಳುವ ಮಾತೇ ಇದು. ಆದರೆ ಅಜ್ಜಿಯ ಬಾಯಿಂದ ತಮಿಳು ಬರುವುದುಂಟೆ? ತಮಿಳನ್ನು ಚಪ್ಪಲಿ ಜೊತೆ ಹೊರಗೆ ಬಿಟ್ಟು ಬನ್ನಿ ಅನ್ನುವ ಅಜ್ಜಿ. ಲೆಕ್ಕದ ಆರು ಅಂತ ಒಗಟು ಎಲ್ಲೂ ಹೇಳಿರಲಿಲ್ಲ, ಅದನ್ನು ಒಳಗೆ ಸೇರಿಸಿದವರು ನಾವು. ನಾವೇ ಹಾಕಿದ ಬೀಗಕ್ಕೆ ಇಷ್ಟು ವರ್ಷ ಕೀ ಹುಡುಕುತ್ತಿದ್ದೆವು.

ಇವತ್ತು ಮಧ್ಯಾಹ್ನ ಅಜ್ಜಿ ಹೂ ಕಟ್ಟುತ್ತಾ ಕೂತಿದ್ದಾಗ ಹೇಳಿದೆ. ಡ್ರೈವರ್ ಅಣ್ಣನ ಮಾತು ಕೇಳಿ ಹೊಳೆಯಿತು ಅನ್ನುವುದನ್ನೂ ಹೇಳಿದೆ, ಅವರ ಪಾಲನ್ನು ಮುಚ್ಚಿಟ್ಟು ಗೆಲ್ಲುವುದು ನನಗೆ ಬೇಡ. "ಬಿಡಿಸಿದ್ದು ನೀನೋ ಅವನೋ?" ಅಂದಳು. ಇಬ್ಬರೂ ಅಂದೆ. "ಮರಳು, ಸರಿ" ಅಂತ ಒಪ್ಪಿಕೊಂಡಳು. ಅಷ್ಟಕ್ಕೇ ಸುಮ್ಮನಿರದೆ, ಅಜ್ಜಿ, ಆರು ತಮಿಳು ಮಾತಲ್ಲವಾ ಅಂದೆ. "ತಮಿಳಂತೆ. ಕುಂಭಕೋಣದಲ್ಲಿ ನಮ್ಮಮ್ಮ ಆಡ್ತಿದ್ದ ಮಾತು ಕಣೋ ಅದು. ಆರಿಗೆ ಹೋಗಿ ಬಟ್ಟೆ ಒಗೆದು ಬಾ ಅಂತಿದ್ಲು" ಅಂದವಳು ಹೂ ಕಟ್ಟುವುದನ್ನು ನಿಲ್ಲಿಸಿದಳು. ಕೈಯಲ್ಲಿದ್ದ ಮಲ್ಲಿಗೆ ಕೈಯಲ್ಲೇ ಇತ್ತು. ತನ್ನ ಒಗಟಿನೊಳಗೆ ಏನು ಕೂತಿದೆ ಅಂತ ಅವಳಿಗೂ ಗೊತ್ತಿರಲಿಲ್ಲ, ಅಕ್ಕಾ. ಅದು ಅವಳಿಗೆ ಯಾವ ಭಾಷೆಯೂ ಅಲ್ಲ, ಅಮ್ಮನ ಮಾತು ಅಷ್ಟೇ.

ಆಗಲೇ ಕೇಳಿದೆ: ಅಕ್ಕ ಭಾವ ಇಬ್ಬರೂ ಮನೆಗೆ ಬರಬೇಕು. "ಆಡಿದ ಮಾತು ಹಿಂದಕ್ಕೆ ತಗೊಳ್ಳೋ ಪೈಕಿ ಅಲ್ಲ ನಾನು" ಅಂತ ಎದ್ದು ದೇವರ ಮನೆಗೆ ಹೋದಳು, ಇನ್ನೂ ಹೊರಗೆ ಬಂದಿಲ್ಲ. ಸುಳ್ಳು ಬರೆದು ನಿನಗೆ ಆಸೆ ಹುಟ್ಟಿಸಲಾರೆ. ಆದರೂ ಇವತ್ತು ಗೆದ್ದಿದ್ದೇನೆ ಅಂತಲೇ ನನಗೆ ಅನಿಸುತ್ತಿದೆ.

ಭಾವನಿಗೆ ನನ್ನ ನಮಸ್ಕಾರ ಹೇಳು. ಅಮ್ಮ ನಿನ್ನನ್ನು ನೆನೆಯದೆ ಒಂದು ಹೊತ್ತೂ ಊಟಕ್ಕೆ ಕೂರುವುದಿಲ್ಲ ಅಂತ ನಿನಗೆ ಬರೆಯಬಾರದಂತೆ, ಬರೆದಿದ್ದೇನೆ.

ನಿನ್ನ ತಮ್ಮ,
ಸುಘೋಷ

ಮರೆತ ಮಾತು: ಮರೆತದ್ದಲ್ಲ, ಈಗ ತಾನೇ ಆದದ್ದು. ಇನ್‌ಲ್ಯಾಂಡಿಗೆ ಅಂಟು ಹಚ್ಚುವಷ್ಟರಲ್ಲಿ ಅಜ್ಜಿ ಬಂದು ಪಕ್ಕದಲ್ಲಿ ಕೂತು "ಬರಿ" ಅಂದಳು. ಅವಳ ಮಾತನ್ನೇ ಬರೆಯುತ್ತೇನೆ: "ಹೊಸಿಲು ತುಳೀಬೇಡ ಅಂದಿದ್ದೆ. ದಾಟಬೇಡ ಅಂದಿದ್ನಾ? ಹೊಸಿಲು ಯಾರೂ ತುಳೀಬಾರದು. ಗುರುವಾರ ಯುಗಾದಿ, ಇಬ್ಬರೂ ಬಲಗಾಲಿಟ್ಟು ದಾಟಿ ಒಳಗೆ ಬನ್ನಿ." ಬುಧವಾರದ ರೈಲು ಹತ್ತಿ ಅಕ್ಕಾ. ಭಾವನಿಗೆ ಒಂದು ಹೊಸ ಒಗಟು ತೆಗೆದಿಟ್ಟಿದ್ದಾಳಂತೆ. ಯಾವ ಭಾಷೆಯದು ಅಂತ ಕೇಳಿದೆ, ಹೇಳಲಿಲ್ಲ.