ಕೆಂಪು ನೆಲಕ್ಕೆ ಕರಿ ಕಂಬಳಿ

ನಮ್ಮೂರು, ಔರಾದ ತಾಲೂಕು
ದೀಪಾವಳಿ ಕಳೆದ ಮೇಲಿನ ಗುರುವಾರ, ೨೦೨೪

ನನ್ನ ಮೊಮ್ಮಗಳು ಖೋಡಿ ಕಾಜಲಗೆ, ನಿನ್ನ ಆಯಿ ಪುತಳಾಬಾಯಿ ಬೈದು ಬರೆಯುವುದೇನೆಂದರೆ,

ಆಶೀರ್ವಾದ ಕಾಗದದ ಕೊನೆಗಿದೆ. ಅದನ್ನು ಹುಡುಕಿಕೊಂಡು ಕೆಳಗೆ ಓಡಬೇಡ, ಮೊದಲು ಬೈಗುಳ ತಿನ್ನು. ಬೀದರಿನಲ್ಲಿ ನರ್ಸಿಂಗ್ ಕಲಿತು ಮಂದಿಯ ನಾಡಿ ಹಿಡಿಯುವವಳಿಗೆ, ಯಾವ ಮಾತು ಯಾರ ಎದೆಗೆ ಹೋಗಿ ನಾಟುತ್ತದೆ ಎಂಬುದು ತಿಳಿಯುವುದಿಲ್ಲವೇನು? ದೀಪಾವಳಿಗೆ ಬಂದವಳು ಕುರಿ ದಡ್ಡಿಯಲ್ಲಿ ನನ್ನ ಪಕ್ಕ ಕೂತು, ಮರಿಗೆ ಸೊಪ್ಪು ತಿನ್ನಿಸುತ್ತ ಏನಂದೆ? “ಆಯಿ, ಮುಂದಿನ ತಿಂಗಳು ನಾ ಜಾನಿ ಜೋಡಿ ಲಗ್ನ ಆಗ್ತೇನಿ. ಅಪ್ಪ ನೀರು ಬಿಟ್ಟರ ಬಿಡಲಿ. ನಾ ಸತ್ತೀನಿ ಅಂತ ತಿಳಕೊಳ್ರಿ.” ಹೀಗೆಂದು ಸೀರೆಯ ಹುಲ್ಲು ಕೊಡವಿ ಬಸ್ಸು ಹತ್ತಿದೆ. ಲಗ್ನದ ಮಾತಿಗೆ ನನಗೆ ಸಿಟ್ಟಿಲ್ಲ. ಆ ಕಡೆಯ ಮಾತಿಗೆ ನಿನ್ನ ಬಾಯಿಗೆ ಹಸಿಮೆಣಸಿನಕಾಯಿ ಹಿಂಡಬೇಕಿತ್ತು. ನನ್ನ ಕೈಯಲ್ಲಿ ಮರಿ ಇತ್ತು, ನೀನು ಬಚಾವಾದೆ.

ಮನೆಯಲ್ಲಿ ಎಲ್ಲ ಕ್ಷೇಮ. ಕುರಿಗಳ ಉಣ್ಣೆ ಕತ್ತರಿಸಿ ಮುಗಿಯಿತು. ನನ್ನ ಅಂಗಾಲಿಗೆ ಜಾಲಿಮುಳ್ಳು ಚುಚ್ಚಿ ಸ್ವಲ್ಪ ಬಾತಿದೆ, ಅರಿಸಿನ ಹಚ್ಚಿದ್ದೇನೆ. ಅದಕ್ಕಾಗಿ ಫೋನು ಮಾಡಬೇಡ. ಫೋನು ನಿಮ್ಮಪ್ಪನ ಜೇಬಿನಲ್ಲಿರುತ್ತದೆ, ಅದರಲ್ಲಿ ಮಾತಾಡಿದರೆ ಓಣಿ ಪೂರ್ತಿ ಕೇಳುತ್ತದೆ. ಅದಕ್ಕೇ ಈ ಕಾಗದ. ನಾನು ಎರಡನೇ ಇಯತ್ತೆಗೆ ಸಾಲಿ ಬಿಟ್ಟವಳು. ಅಕ್ಷರಗಳು ಕುರಿಗಳ ಹಾಗೆ ಸಾಲು ಬಿಟ್ಟು ಅಡ್ಡಾಡುತ್ತವೆ, ನೀನೇ ಅಟ್ಟಿಕೊಂಡು ಓದು.

ನೀನು ಹೇಳಿದ ಲಗ್ನದ ಬೇತ ನಾನು ಮರೆತಿಲ್ಲ. ಬೆಳಗ್ಗೆ ಬೀದರ ಕಚೇರಿಯಲ್ಲಿ ಸಾಹೇಬರ ಮುಂದೆ ಸಹಿ. ಆಮೇಲೆ ಕೋಟೆ ನೋಡುವುದು. ಆಮೇಲೆ ಅಷ್ಟೂರಿಗೆ ಹೋಗಿ ಬಾದಶಹರ ಗೋರಿಗಳ ಮುಂದೆ ಕೈ ಹಿಡಿದು ಫೋಟೋ. ಸಂಜೆಗೆ ಹೈದರಾಬಾದ ಬಸ್ಸು. ನೀನು, ಜಾನಿ, ನಿನ್ನ ಗೆಳತಿ ಏಂಜೆಲ, ಅವಳ ಗಂಡ, ಇಷ್ಟೇ ಮಂದಿ. “ಸಣ್ಣದಾಗಿ, ಚೆಂದಾಗಿ ಮಾಡಕೊಳ್ತೇವಿ ಆಯಿ,” ಅಂದೆ. ಅಲ್ಲವೇ ಖೋಡಿ, ಗೋರಿಗಳ ಮುಂದೆ ಯಾರಾದರೂ ಲಗ್ನದ ಫೋಟೋ ತೆಗೆಸುತ್ತಾರೇನು? ಒಳಗೆ ಮಲಗಿದವರು ಬಾದಶಹರೇ ಇರಲಿ, ಅವರನ್ನು ಮಲಗಲು ಬಿಡಬೇಕು. ಗುಮ್ಮಟ ದೊಡ್ಡದಿದ್ದರೆ ಸಾವು ಸಣ್ಣದಾಗುವುದಿಲ್ಲ.

ಜಾನಿಯ ಬಗ್ಗೆ ನನ್ನ ತಕರಾರಿಲ್ಲ. ಕಣ್ಣು ತೋರಿಸಲು ನೀನು ನನ್ನನ್ನು ಬೀದರಿಗೆ ಕರೆದೊಯ್ದಾಗ ನೋಡಿದ್ದೇನೆ. ಬಡಕಲು ಹುಡುಗ, ಕಿವಿ ಮಾತ್ರ ಚೀಲಕ್ಕೆ ಹಿಡಿಕೆ ಹಚ್ಚಿದ ಹಾಗಿವೆ. ಆದರೆ ಕಣ್ಣಿಗೆ ಔಷಧ ಬಿಟ್ಟು ನನಗೆ ದಾರಿ ಕಾಣದಾದಾಗ, “ಆಯಿ, ಕಣ್ಣ ತೆರಿಬ್ಯಾಡ್ರಿ, ನಾ ಹಿಡದೀನ್ರಿ,” ಎಂದು ಚಪ್ಪಲಿ ಕೂಡ ತಾನೇ ಬಾಗಿ ನನ್ನ ಕಾಲಿಗೆ ಹಾಕಿದ. ಮುದುಕಿಯ ಕಾಲು ಮುಟ್ಟಲು ಹೇಸದವನು ಹೆಂಡತಿಯನ್ನು ಬೀದಿಗೆ ಬಿಡುವುದಿಲ್ಲ. ಅವನ ತಂದೆ ಬರ್ನಬಾಸ ಮಾಸ್ತರರು ಚರ್ಚಿನಲ್ಲೇ ಲಗ್ನವಾಗಲಿ ಎನ್ನುತ್ತಾರೆ. ನಮ್ಮವರು ಲಗ್ನ ಆಗಲೇ ಬಾರದು ಎನ್ನುತ್ತಾರೆ. ಅದಕ್ಕೆ ನೀವಿಬ್ಬರೂ ಸುಲ್ತಾನರ ಹಾಗೆ ಕೋಟೆ ಸೇರಲು ಹೊರಟಿದ್ದೀರಿ.

ನಿಮ್ಮ ಗುಟ್ಟು ಗುಟ್ಟಾಗಿ ಉಳಿದಿಲ್ಲ. ನಿಮ್ಮ ದೂರದ ದೊಡ್ಡಪ್ಪನ ಮಗ ಜ್ಞಾನೇಶ್ವರ ಬೀದರಿನ ಚೌಬಾರಾ ಗೋಪುರದ ಹತ್ತಿರ ನಿಮ್ಮಿಬ್ಬರನ್ನು ಒಂದೇ ಗಾಡಿಯ ಮೇಲೆ ನೋಡಿ ಬಂದು, ಊಟದ ತಾಟಿನ ಮುಂದೆಯೇ ಹೇಳಿದ. ನಿಮ್ಮಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ, “ಹೋದ್ರ ಹೋಗಲಿ. ಮಾಯಾಗ ಬಿಟ್ಟಂಗ ಅಕಿಗೂ ನೀರು ಬಿಡ್ತೇನಿ,” ಅಂದ. ಆಮೇಲೆ ಸುಮ್ಮನಿದ್ದಾನೆ.

ಈಗ ನಿಂತಿದ್ದರೆ ಕೂತು ಓದು. ನಿನ್ನ ಸೋದರತ್ತೆ ಮಾಯಾ ನೀನು ಹುಟ್ಟುವ ಮೊದಲೇ ಜ್ವರ ಬಂದು ಸತ್ತಳು ಎಂದು ಎಲ್ಲರೂ ನಿನಗೆ ಹೇಳುತ್ತ ಬಂದಿದ್ದಾರೆ. ಅವಳಿಗೆ ಜ್ವರ ಬಂದಿರಲಿಲ್ಲ. ರಾಜರತ್ನ ಎಂಬ ಹೊಲಿಗೆ ಕೆಲಸದ ಹುಡುಗನ ಜೊತೆ ಭಾಲ್ಕಿಗೆ ಹೋದಳು. ಅವನು ನಮ್ಮ ಜಾತಿಯವನಲ್ಲ. ನಿಮ್ಮ ಅಜ್ಜ ದೈವದ, ಅಂದರೆ ನಮ್ಮ ಜಾತಿ ಪಂಚಾಯ್ತಿಯ, ಹಿರಿಯರನ್ನು ಕೂಡಿಸಿದರು. ಅವಳ ಹಸಿರು ಸೀರೆಯನ್ನು ಚಟ್ಟಕ್ಕೆ ಕಟ್ಟಿದರು. ನಿಮ್ಮಪ್ಪ ಆಗ ಮೀಸೆ ಮೂಡುತ್ತಿದ್ದ ಹುಡುಗ. ಅಕ್ಕನೆಂದರೆ ಜೀವ ಬಿಡುತ್ತಿದ್ದವನ ಹೆಗಲ ಮೇಲೆ ನೀರಿನ ಗಡಿಗೆ ಇಟ್ಟು, ಅದಕ್ಕೆ ತೂತು ಹೊಡೆದು, ಸುತ್ತು ಹಾಕಿಸಿ, ಹಿಂದೆ ನೋಡದೆ ಒಡೆಯಿಸಿದರು. ಆಮೇಲೆ ಹಿರಿಯರು ನಮ್ಮ ಕಡೆ ತಿರುಗಿ, “ಅಳ್ರಿ, ಹೆಣ್ಮಕ್ಕಳು ಅಳ್ರಿ,” ಅಂದರು. ಅತ್ತೆವು. ಭಾಲ್ಕಿಯಲ್ಲಿ ಅದೇ ಹೊತ್ತಿಗೆ ಗಂಡನಿಗೆ ರೊಟ್ಟಿ ಬಡಿಯುತ್ತಿದ್ದ ಮಗಳಿಗಾಗಿ ಅತ್ತೆವು. ನೀರು ಬಿಡುವುದು ಅಂದರೆ ಇದು. ನೀನು ದಡ್ಡಿಯಲ್ಲಿ ಕೂತು “ಬಿಡಲಿ” ಅಂದದ್ದು ಇದಕ್ಕೆ.

ಹೋದ ವರ್ಷ ನೂತ ಉಣ್ಣೆ ಕೊಡಲು ಭಾಲ್ಕಿಗೆ ಹೋಗಿದ್ದೆ. ಕಂಬಳಿ ನೇಯುವ ನಮ್ಮ ಮಡೆಪ್ಪ ಗಂಟು ಇಳಿಸಿಕೊಳ್ಳಲಿಲ್ಲ. “ಪುತಳಕ್ಕಾ, ಹೇಳಬಾರದ್ರಿ, ಆದ್ರ ಹೇಳ್ತೇನಿ. ನಿಮ್ಮ ಮಾಯಾ ಹೋದ ವಾರ ಹಳದಿ ಕಾಮಣಿ ಆಗಿ ತೀರಕೊಂಡಳ್ರಿ,” ಅಂದ. ದಾರಿ ಕೇಳಿಕೊಂಡು ಅವಳ ಮನೆಗೆ ಹೋದೆ. ಬೀಗ ಹಾಕಿತ್ತು. ಹೊಸ್ತಿಲಿನ ಪಕ್ಕ ಅವಳ ಚಪ್ಪಲಿ ಹಾಗೇ ಇದ್ದವು, ನನ್ನ ಹಾಗೆ ಎಡಗಾಲಿನ ಹಿಮ್ಮಡಿ ಸವೆದಿತ್ತು. ಪಕ್ಕದ ಮನೆಯ ಸಕೀನಾ ಮೆಂತ್ಯದ ಸೊಪ್ಪು ಸೋಸುತ್ತಿದ್ದವಳು, “ಯಾರ್ರಿ ನೀವು? ಅಕಿಗಿ ಏನಾಗಬೇಕ್ರಿ?” ಅಂದಳು. ನೀರು ಬಿಟ್ಟ ಮನೆಯವರು ಏನಾಗಬೇಕೆಂದು ಹೇಳಲಿ? “ಅಕಿ ಊರಾಕಿ ಆಗಬೇಕವ್ವ,” ಅಂದೆ. ಆಕೆ ನಿಟ್ಟುಸಿರು ಬಿಟ್ಟು, “ಭಾಳ ಛಲೋ ಹೆಣ್ಮಗಳಿದ್ದಳ್ರಿ. ತೌರಮನಿ ಕಡಿ ಯಾರೂ ಇದ್ದಿದ್ದಿಲ್ಲ. ಅವ್ವ ಅಕಿ ಲಗ್ನದ ವರ್ಷನ ಸತ್ತಾಳಂತ್ರಿ, ಪಾಪ,” ಅಂದಳು. ನಾವು ಅವಳನ್ನು ಸಾಯಿಸಿದೆವು, ಅವಳು ನನ್ನನ್ನು. ಲೆಕ್ಕ ಸರಿಯಾಯಿತು. ಸಕೀನಾ ಒಳಗಿನಿಂದ ನೀರು ತಂದುಕೊಟ್ಟಳು, ಕುಡಿದೆ. ಸತ್ತವಳ ಬಾಯಿಗೆ ನೀರು ಬಿಟ್ಟಂತಾಯಿತು.

ಆದರೂ ಅಳಲಿಲ್ಲ ಕಾಜಲಾ. ನಮ್ಮಲ್ಲಿ ಒಬ್ಬರಿಗೆ ಒಂದೇ ಸಲ ಅಳಬೇಕು. ಎರಡನೇ ಸಲ ಅತ್ತರೆ ಆ ಅಳು ಮನೆಯ ಇನ್ನೊಬ್ಬರನ್ನು ಕರೆಯುತ್ತದೆ ಎನ್ನುತ್ತಾರೆ. ಇನ್ನೊಬ್ಬರೆಂದರೆ ಯಾರು? ನಿಮ್ಮಪ್ಪ, ನೀನು. ಬಸ್ಸಿನಲ್ಲಿ ಸೆರಗು ಬಾಯಿಗೆ ತುರುಕಿಕೊಂಡು ಬಂದೆ. ಪಕ್ಕದ ಸೀಟಿನವಳು ನನಗೆ ಹಲ್ಲುನೋವು ಎಂದು ತಿಳಿದು ಲವಂಗ ಕೊಟ್ಟಳು. ಅಂದಿನಿಂದ ಹೊಟ್ಟೆಯಲ್ಲೇ ಮರಿ ಸತ್ತ ಕುರಿಯ ಹಾಗೆ ತಿರುಗುತ್ತಿದ್ದೇನೆ. ನಿಮ್ಮಪ್ಪನಿಗೆ ಈ ಸಾವು ಹೇಳಿಲ್ಲ. ಗಡಿಗೆ ಹೊತ್ತ ಹೆಗಲು ಅದು, ಮತ್ತೆ ಯಾಕೆ ಭಾರ.

ಇಷ್ಟು ಹೇಳಿದ್ದು ನಿನ್ನನ್ನು ತಡೆಯಲು ಅಲ್ಲ. ನೀನು ಲಗ್ನವಾಗು. ಆದರೆ ಓಡಿಹೋಗಬೇಡ. ನಾನು ನಿನ್ನನ್ನು ಕೊಡುತ್ತೇನೆ.

ನಮ್ಮ ಮನೆತನದ ಕಟ್ಟು ನಿನಗೆ ಯಾರೂ ಹೇಳಿರಲಿಕ್ಕಿಲ್ಲ. ಲಗ್ನದಲ್ಲಿ ಹುಡುಗಿಯ ಮನೆಯ ಹಿರಿಯರು ತಮ್ಮ ಕೈಯಾರೆ ಕರಿ ಕಂಬಳಿ ಹಾಸಿ, ಅದರ ಮೇಲೆ ಜೋಳ ಚೆಲ್ಲಿ, ಜೋಡಿಯನ್ನು ಕೂಡಿಸಬೇಕು. ಹಾಗೆ ಕೂಡಿಸಿದರೆ ಅವಳು ಕೊಟ್ಟ ಮಗಳು. ತಾಳಿ, ಸಹಿ, ಸಾಹೇಬರು ಎಲ್ಲ ಆಮೇಲಿನ ಮಾತು. ಕೊಟ್ಟ ಮಗಳು ಬದುಕಿರುವಾಗ ತವರಿನವರು ನೀರು ಬಿಡುವ ಹಾಗಿಲ್ಲ, ಬಿಟ್ಟರೆ ಅದು ಸ್ವಂತ ಮನೆಗೇ ಬಿಟ್ಟ ನೀರು. ಗಡಿಗೆ ಒಡೆಯುವುದು ಓಡಿಹೋದವಳಿಗೆ ಮಾತ್ರ. ಮಾಯಾ ಹೋದಾಗ ಮನೆಯ ಹಿರಿಯರು ನಿಮ್ಮ ಅಜ್ಜ, ಅವರು ಹಾಸಲಿಲ್ಲ. ಈಗ ಅವರಿಲ್ಲ. ನಿಮ್ಮವ್ವ ನೀನು ಹಾಲುಹಲ್ಲಿನವಳಿದ್ದಾಗಲೇ ತೀರಿಕೊಂಡಳು. ಹಿರಿತನ ನನಗೆ ಬಂದಿದೆ. ಈ ಮನೆಯಲ್ಲಿ ಜೀವಮಾನ ಪೂರ್ತಿ ನನ್ನ ಮಾತು ನಡೆದಿಲ್ಲ, ಇದೊಂದು ಕಂಬಳಿ ನಡೆಯುತ್ತದೆ. ನಾನು ಹಾಸಿದರೆ ದೈವದವರು ಬಾಯಿ ಮುಚ್ಚಬೇಕು, ನಿಮ್ಮಪ್ಪ ಕೈ ಕೆಳಗಿಳಿಸಬೇಕು.

ಕಂಬಳಿ ಮಡೆಪ್ಪನ ಮಗ್ಗದಿಂದ ಇಳಿದಿದೆ, ಹುಣಸೆಬೀಜದ ಗಂಜಿ ಹಚ್ಚಿ ಬಿಸಿಲಿಗೆ ಹಾಕುವುದು ಬಾಕಿ. ಎಳೆ ಮರಿಗಳ ಮೊದಲ ಉಣ್ಣೆ, ಪೂರಾ ಕಪ್ಪು, ಒಂದು ಬಿಳಿ ಎಳೆ ಇಲ್ಲ. ಬೀದರಿನಲ್ಲಿ ಜಾನಿಯನ್ನು ನೋಡಿ ಬಂದಾಗಿನಿಂದಲೇ ಅಂಗಳದಲ್ಲಿ ಕೂತು ಎಲ್ಲರ ಕಣ್ಣೆದುರೇ ನೂತೆ. “ಅವ್ವಾ, ಇಷ್ಟು ಸಣ್ಣ ನೂಲು ಯಾರಿಗಿ?” ಎಂದು ನಿಮ್ಮಪ್ಪ ಕೇಳಿದ. “ನನ್ನ ಹೆಣಕ್ಕ,” ಅಂದೆ. ಮತ್ತೆ ಕೇಳಲಿಲ್ಲ. ನಮ್ಮ ಮನೆಯಲ್ಲಿ ಸಾವಿಗೆ ಅಂದರೆ ಯಾರೂ ತಡೆಯುವುದಿಲ್ಲ, ಮದುವೆಗೆ ಅಂದರೆ ನೂರು ಪ್ರಶ್ನೆ.

ಈಗ ನನ್ನ ಬೇತ ಕೇಳು. ಕಣ್ಣು ತೋರಿಸಲು ಹೋಗುತ್ತೇನೆಂದು ಹೇಳಿ ಬೀದರ ಬಸ್ಸು ಹತ್ತುತ್ತೇನೆ. ಜನವಾಡ ದಾಟಿದ ಮೇಲೆ ನನಗೆ ಸ್ಟಾಪು ತಿಳಿಯುವುದಿಲ್ಲ, ಆ ಕಿವಿ ದೊಡ್ಡವನನ್ನು ನಿಲ್ದಾಣಕ್ಕೆ ಕಳಿಸು. ಸಾಕ್ಷಿಗೆ ಮೂವರು ಬೇಕು, ಮೂರನೆಯವರು ಸಿಕ್ಕಿಲ್ಲ ಅಂದಿದ್ದೆಯಲ್ಲ? ಮೂರನೆಯವಳು ನಾನು. ಹೆಬ್ಬೆಟ್ಟು ಒತ್ತುವುದಿಲ್ಲ, ಹೆಸರೇ ಬರೆಯುತ್ತೇನೆ, ಸಾಹೇಬರಿಗೆ ಸ್ವಲ್ಪ ಕಾಯಲು ಹೇಳು. ಅಷ್ಟೂರು ಬೇಡ. ಗೋರಿ ಇರುವಲ್ಲಿ ಈ ಕಂಬಳಿ ಹಾಸಬಾರದು. ಕೋಟೆಯ ಒಳಗೆ ಯಾವುದಾದರೂ ಮರದ ನೆರಳು ನೋಡಿಟ್ಟುಕೊಳ್ಳಿ. ನಮ್ಮ ಹೊಲದ ಕರಿ ಮಣ್ಣಿನಲ್ಲಿ ಕರಿ ಕಂಬಳಿ ಹಾಸಿದರೆ ಕಾಣುವುದೇ ಇಲ್ಲ, ಬೀದರಿನ ಕೆಂಪು ನೆಲದ ಮೇಲೆ ದೂರದಿಂದ ಕಾಣುತ್ತದೆ. ಕಾಣಲಿ. ಜಾನಿಯ ತಾಯಿ ನವೊಮಿಬಾಯಿಗೂ ಹೇಳಿಕಳಿಸು. ಬಂದರೆ ಆಕೆ ಒಂದು ಅಂಚು ಎಳೆಯಲಿ, ತಮ್ಮ ದೇವರ ನಾಲ್ಕು ಮಾತು ಹೇಳಲಿ. ಕಂಬಳಿಗೆ ಯಾವ ದೇವರ ಮಾತೂ ಚುಚ್ಚುವುದಿಲ್ಲ. ಚುಚ್ಚಿದರೆ ಅದೇ ನಮ್ಮನ್ನು ಚುಚ್ಚುತ್ತದೆ, ಹೊಸ ಉಣ್ಣೆ ನೋಡು, ತೆಳು ರೇಷ್ಮೆ ಸೀರೆ ಉಡಬೇಡ.

“ನೀ ಬರಬ್ಯಾಡ ಆಯಿ, ಅಪ್ಪ ನಿನ್ನ ಮನಿ ಬಿಡಸ್ತಾನ,” ಅಂದಿದ್ದೆ. ಬಿಡಿಸಿದರೆ ಬಿಡಿಸಲಿ. ಕುರಿಗಳ ಜೊತೆ ದಡ್ಡಿಯಲ್ಲಿ ಮಲಗುತ್ತೇನೆ, ಅವು ದೈವ ಕೂಡಿಸುವುದಿಲ್ಲ. ಒಬ್ಬಳ ಬಾಗಿಲಿಗೆ ಹೋಗಿ ಬೀಗ ನೋಡಿ ಬಂದೆ. ನಿನ್ನ ಬಾಗಿಲಿಗೆ ಬಂದಾಗ ಯಾರಾದರೂ ಏನಾಗಬೇಕೆಂದು ಕೇಳಿದರೆ, ಅವಳ ಆಯಿ ಎಂದು ಹೇಳುವ ಬಾಯಿ ನನಗೆ ಬೇಕು. ಇಷ್ಟೇ ನನ್ನ ಆಸೆ. ಹೊಟ್ಟೆ ತಂಪಾಗಿರಲಿ, ಕುಂಕುಮ ಗಟ್ಟಿಯಾಗಿರಲಿ, ನಿನ್ನ ಮಕ್ಕಳ ಕಿವಿ ನಿನ್ನ ಹಾಗಿರಲಿ.

ಇಂತಿ ನಿನ್ನನ್ನು ಕೊಡಲಿರುವ,
ಆಯಿ ಪುತಳಾಬಾಯಿ

ತಾ.ಕ.: ಲಕೋಟೆ ಅಂಟಿಸುವ ಮೊದಲು ಇನ್ನೊಂದು ಮಾತು. ನಿಮ್ಮಪ್ಪ ಸುಮ್ಮನಿದ್ದಾನೆ ಎಂದು ಮೇಲೆ ಬರೆದೆ. ಸುಮ್ಮನಿಲ್ಲ. ಹೋದ ಸಂತೆಯಲ್ಲಿ ಹೊಸ ಗಡಿಗೆ ತಂದು ಬಾಗಿಲ ಹಿಂದೆ ಬೋರಲು ಹಾಕಿದ. ಮೊನ್ನೆ ಅದು ಒಡೆಯಿತು. ಹೊಲದಿಂದ ಬಂದವನಿಗೆ, “ಬೆಕ್ಕು ಕೆಡವಿತಪ್ಪ,” ಅಂದೆ. ನಮ್ಮ ಮನೆಯಲ್ಲಿ ಬೆಕ್ಕಿಲ್ಲ ಎಂಬುದು ನಿನಗೂ ಗೊತ್ತು, ಮೇಲೆ ಬರೆದ ಜಾಲಿಮುಳ್ಳೂ ಹಾಗೆಯೇ. ಅವನು ಕುಕ್ಕರಗಾಲಲ್ಲಿ ಕೂತು ಒಂದೊಂದೇ ಚೂರು ಆರಿಸಿದ. ನೆಲದ ಮೇಲಿನ ರಕ್ತ ನೋಡಿದ, ಸೀರೆಯಡಿ ಎಳೆದುಕೊಂಡ ನನ್ನ ಕಾಲು ನೋಡಿದ. ತಲೆ ಎತ್ತದೆ, “ಬೆಕ್ಕಿನ ಕಾಲಾಗ ಚೂರು ಉಳದದೇನು ನೋಡ್ಕೊ, ಅವ್ವಾ,” ಅಂದ. ಅಷ್ಟೇ. ಇನ್ನೊಂದು ಗಡಿಗೆ ತರುವುದಿಲ್ಲ ಎನ್ನಲಿಲ್ಲ. ಔರಾದ ಸಂತೆಯಲ್ಲಿ ಗಡಿಗೆಗಳಿಗೆ ಬರ ಇಲ್ಲ, ಇಲ್ಲದ ಬೆಕ್ಕು ಎಷ್ಟೆಂದು ಕೆಡವೀತು? ದಿನ ಯಾವುದು, ನಾನು ಎಲ್ಲಿ ಇಳಿಯಬೇಕು ಎಂಬುದನ್ನು ಭಾಲ್ಕಿಗೆ ಮಡೆಪ್ಪನ ವಿಳಾಸಕ್ಕೆ ಬರೆ, ಕಂಬಳಿ ತರಲು ಹೋದಾಗ ಓದುತ್ತೇನೆ. ಬರುವ ತಿಂಗಳು ಹುಟ್ಟುವ ಮೊದಲು ಉತ್ತರ ಹಾಕು.