ಎಡಗಣ್ಣಿನ ವಿಷಯ

ಥರ್ಮನ್ ಅಣ್ಣನಿಗೆ,

ಅಕ್ಷರ ಸೊಟ್ಟಗಿದ್ದರೆ ಬೈಕೋಬೇಡ. ಬಲಗೈ ಸುಟ್ಟಿದೆ, ಎಡಗೈಯಲ್ಲಿ ಬರೆಯುತ್ತಿದ್ದೇನೆ. ಹತ್ತೊಂಬತ್ತು ವರ್ಷದ ಮೇಲೆ ನಾನು ಬರೆಯುವ ಮೊದಲ ಕಾಗದ ಇದು. ಹರಿದು ಹಾಕುವ ಮುಂಚೆ ಪೂರ್ತಿ ಓದು.

ಹೋದ ವಾರ ಹೆಂಡತಿ ವರ್ಡೆಲ್ ಜೊತೆ ಚಾರ್ಲ್‌ಸ್ಟನ್‌ಗೆ ಹೋಗಿದ್ದೆ. ಹಳೇ ಚರ್ಚು, ಹಳೇ ಬಂಗಲೆ ಯಾವುದೂ ಅವಳಿಗೆ ಬೇಡ. "ಮೂರು ದಿನ, ಮೂರು ಬಾರ್ಬೆಕ್ಯೂ ಅಂಗಡಿ. ಯಾವನಾದ್ರೂ ನಿಮ್ಮಪ್ಪನ ಕೈರುಚಿ ಹತ್ತಿರಕ್ಕಾದ್ರೂ ಬರ್ತಾನಾ ನೋಡೇಬಿಡೋಣ" ಅಂದಳು. ಮೊದಲನೆಯದರಲ್ಲಿ ಸಾಸಿವೆ ಗೊಜ್ಜು ಚೆನ್ನಾಗಿತ್ತು, ಹಂದಿಮಾಂಸ ಮಾತ್ರ ಒಣಗಿ ನಾರಾಗಿತ್ತು. ಎರಡನೆಯವನು ಓಕ್ ಸೌದೆಯ ಹೊಗೆಯನ್ನು ಹದವಾಗಿ ಹಿಡಿಸಿದ್ದ, ಆದರೆ ಮೇಲೆ ಸಿಹಿ ಪಾಕ ಸುರಿದು ಕೆಡಿಸಿದ್ದ. "ಇದು ಊಟಾನೋ ಮಿಠಾಯೀನೋ?" ಅಂತ ವರ್ಡೆಲ್ ಅವನಿಗೇ ಕೇಳಿಸುವ ಹಾಗೆ ಅಂದಳು.

ಮೂರನೆಯದು ಊರಾಚೆ, ತಗಡಿನ ಸೂರಿನ ಅಂಗಡಿ. ಒಂದು ತುತ್ತು ಬಾಯಿಗಿಟ್ಟೆ, ತಟ್ಟೆ ಕೆಳಗಿಟ್ಟೆ. ವಿನೆಗರ್, ಕೆಂಪು ಮೆಣಸು, ಗರಿಗರಿ ಸುಟ್ಟ ಚರ್ಮದ ಚೂರು. ಅಪ್ಪನದಲ್ಲ, ಥೇಟ್ ನಿನ್ನ ಕೈರುಚಿ. ಅಪ್ಪ ಹೋದಮೇಲೆ ನೀನು ಅವನಿಗಿಂತ ಚೆನ್ನಾಗಿ ಬೇಯಿಸುತ್ತಿದ್ದೆ. ಆಗ ಅದೇ ನನಗೆ ಹೊಟ್ಟೆಯುರಿ.

ಅಷ್ಟರಲ್ಲಿ ಹಿತ್ತಲಿನ ಕೆಂಡದ ಗುಂಡಿಯ ಹತ್ತಿರ ಇಬ್ಬರು ಅಡುಗೆಯವರ ಕೂಗಾಟ. "ಬೆಂಕಿ ಆರಿಸಿಬಿಟ್ಟೆಯಲ್ಲೋ ಕತ್ತೆ!" ಅಂದ ಒಬ್ಬ. ಇನ್ನೊಬ್ಬ ಅವನ ಬಾಯಿಗೇ ಗುದ್ದಿದ. ಹಲ್ಲು ಹಾರಿ ಬಿತ್ತು. ಪೆಟ್ಟು ತಿಂದವನು ರಕ್ತ ಉಗುಳುತ್ತ ಪಕ್ಕದ ಗುಂಡಿಯಿಂದ ಸಲಾಕೆ ಎಳೆದ. ತುದಿ ಕೆಂಪಗೆ ಕಾದಿತ್ತು. ಎದುರಿನವನ ಮುಖಕ್ಕೇ ಎತ್ತಿದ. ನಾನು ಯಾವಾಗ ಎದ್ದೆನೋ, ಹೇಗೆ ಓಡಿದೆನೋ ಗೊತ್ತಿಲ್ಲ. ಕಾದ ತುದಿಯನ್ನೇ ಮುಷ್ಟಿಯಲ್ಲಿ ಹಿಡಿದೆ. ಅಂಗೈ ಚುರ್ ಅಂದಿತು. ಬಿಡಲಿಲ್ಲ. "ಮುಖಕ್ಕೆ ಬೇಡ ಕಣೋ, ಮುಖಕ್ಕೆ ಬೇಡ" ಅಂತ ಅರಚುತ್ತಲೇ ಇದ್ದೆನಂತೆ.

ಆಸ್ಪತ್ರೆಯಲ್ಲಿ ವರ್ಡೆಲ್ ಕೇಳಿದಳು: "ಯಾರನ್ನ ಉಳಿಸೋಕ್ ಹೋಗಿದ್ದೆ ನೀನು?"

ಹೇಳಿಬಿಟ್ಟೆ. ಹತ್ತೊಂಬತ್ತು ವರ್ಷದ ಹಿಂದೆ ಆವತ್ತು, ಅಪ್ಪ ಬೇಯಿಸುತ್ತಿದ್ದ ಕೆಂಡದ ಗುಂಡಿಯ ಹತ್ತಿರ ನಾವಿಬ್ಬರೇ ಇದ್ದೆವು. ನಾನು ಬೇಯಿಸಿದ್ದನ್ನು ನೀನು ಬಾಯಿಗಿಟ್ಟು ಉಗಿದೆ. "ಥೂ, ಇದನ್ನ ನಾಯೀನೂ ಮೂಸಲ್ಲ ಹೋಗೋ" ಅಂದೆ. ನಾನು ಕೆಂಡ ತುಂಬಿದ ಸಲಿಕೆಯನ್ನು ನಿನ್ನ ಮುಖಕ್ಕೆ ಬೀಸಿದೆ. ನೀನು ಬಿದ್ದಮೇಲೂ ಪಕ್ಕೆಗೆ ಎರಡು ಸಲ ಒದ್ದೆ. ಆ ಒದೆ ನಿನಗೂ ಗೊತ್ತಿರಲಿಕ್ಕಿಲ್ಲ, ಆಗಲೇ ಎಚ್ಚರ ತಪ್ಪಿತ್ತು.

ಎಡಗಣ್ಣು ಹೋಯಿತು. ಪೊಲೀಸರು ಕೇಳಿದಾಗ ನೀನು, "ಕುಡಿದಿದ್ದೆ, ಕಾಲು ಜಾರಿ ಕೆಂಡಕ್ಕೆ ಬಿದ್ದೆ" ಅಂದೆ. ಒಂದು ಹನಿ ಮುಟ್ಟದವನು ನೀನು! ನಾನು ಜೈಲಿಗೆ ಹೋಗಲಿಲ್ಲ. ಊರು ನಿನ್ನನ್ನು ಕುಡುಕ ಅಂದಿತು, ನೀನು ಊರೇ ಬಿಟ್ಟೆ. ನಿನ್ನ ವಿಷಯ ಬಂದಾಗಲೆಲ್ಲ ನಾನು ತಲೆ ಅಲ್ಲಾಡಿಸುತ್ತ, "ಏನ್ ಮಾಡೋದು, ಅವನ ಹಣೆಬರಹ" ಅಂತಿದ್ದೆ.

ವರ್ಡೆಲ್ ಕುರ್ಚಿಯನ್ನು ನನ್ನಿಂದ ದೂರ ಎಳೆದು ಕೂತಳು. ಆಮೇಲೆ, "ನನಗೊಬ್ಬಳಿಗೆ ಹೇಳಿದ್ರೆ ಏನ್ ಬಂತು? ಊರಿಗೆ ಹೇಳು" ಅಂದಳು.

ನಿನ್ನೆ ಚರ್ಚಿನಲ್ಲಿ ಎದ್ದು ನಿಂತು ಹೇಳಿದೆ. ಒದ್ದದ್ದನ್ನೂ ಹೇಳಿದೆ. ನಮ್ಮ ಒಡೆಸಾ ಅತ್ತೆ, ಎಂಬತ್ತೆಂಟು ವಯಸ್ಸು, ಕೋಲು ಊರಿಕೊಂಡು ಬಂದು ಎಲ್ಲರೆದುರು ನನ್ನ ಕೆನ್ನೆಗೆ ಬಾರಿಸಿದಳು. ತುಟಿ ಒಡೆಯಿತು. "ಅವನನ್ನ ಕುಡುಕ ಅಂತ ನನ್ನ ಬಾಯಲ್ಲೂ ಅನ್ನಿಸಿಬಿಟ್ಟೆಯಲ್ಲೋ ಪಾಪಿ!" ಅಂತ ಅಲ್ಲೇ ಕುಸಿದು ಅತ್ತಳು. ನಿನ್ನ ವಿಳಾಸ ಕೊಟ್ಟದ್ದೂ ಅವಳೇ.

ಕ್ಷಮಿಸು ಅಂತ ಕೇಳುವ ಮುಖ ನನಗಿಲ್ಲ. ನಾಳೆ ಪೊಲೀಸರ ಹತ್ತಿರ ಹೋಗುತ್ತೇನೆ. ಅವರು ನಿನ್ನನ್ನು ವಿಚಾರಿಸಬಹುದು. ಅಣ್ಣಾ, ಈ ಸಲ ನನ್ನನ್ನು ಉಳಿಸಬೇಡ.

ದೇವರು ನಿನ್ನನ್ನು ತಣ್ಣಗೆ ಇಟ್ಟಿರಲಿ.

ನಿನ್ನನ್ನು ಹೊಡೆದ ತಮ್ಮ,
ರಾಸ್ಕೊ