ಕಿಟಕಿ ಸಂದಿಯ ಚಿಂದಿ

ಮನೆ ಮಾಲೀಕರಿಗೆ,

ಮೂರನೇ ಮಹಡಿಯ ದರ್ಜಿ ಬರೆಯುತ್ತಿದ್ದೇನೆ. ಹೀಟರ್ ಹಾಕಿದರೆ ಕರೆಂಟ್ ಬಿಲ್ ಏರುತ್ತದೆಂದು, ನಿಮ್ಮ ಮುಚ್ಚಲಾಗದ ಕಿಟಕಿಯ ಸಂದಿಗೆ ಚಿಂದಿ ತುಂಬಿದ ಬಟ್ಟೆಯ ಸುರುಳಿಗಳನ್ನು ಹೊಲಿದು ಒತ್ತಿದ್ದೆ. ಕೋಣೆ ಬೆಚ್ಚಗಾಗಿ ಅಮ್ಮನ ಕೆಮ್ಮು ಇಳಿದಿತ್ತು. ನಿನ್ನೆ ನಾನು ಅಂಗಡಿಯಲ್ಲಿದ್ದಾಗ ನಿಮ್ಮ ಕಾವಲುಗಾರ ಬಂದು ಎಲ್ಲ ಕಿತ್ತುಕೊಂಡು ಹೋದ.

"ಬೀದಿಗೆ ಅಸಹ್ಯವಾಗಿ ಕಾಣುತ್ತಂತೆ ಕಣಮ್ಮ, ಸಾಹೇಬ್ರು ಹೇಳಿದ್ರು" ಅಂದನಂತೆ.

"ಹಾಗಾದ್ರೆ ನಿಮ್ಮ ಸಾಹೇಬ್ರನ್ನೇ ತಂದು ಸಂದಿಗೆ ನಿಲ್ಲಿಸಪ್ಪ, ನೋಡೋಕೂ ಚೆನ್ನಾಗಿದ್ದಾರೆ" ಅಂದಳಂತೆ ಅಮ್ಮ. ಈಗ ಮತ್ತೆ ಕೆಮ್ಮುತ್ತಿದ್ದಾಳೆ.

ನಿಮ್ಮ ಕನಿಕರ ನನಗೆ ಬೇಡ. ಭಾನುವಾರದೊಳಗೆ ಬಡಗಿಯನ್ನು ಕಳಿಸಿ ಕಿಟಕಿ ಸರಿಮಾಡಿಸಿ. ಇಲ್ಲದಿದ್ದರೆ ಸೋಮವಾರ ಈ ಕಟ್ಟಡದ ಹನ್ನೆರಡು ಮನೆಗೂ ಕಡುಗೆಂಪು ಬಟ್ಟೆಯ ಸುರುಳಿ ಹೊಲಿದು ಕೊಡುತ್ತೇನೆ, ಎಲ್ಲರೂ ಒಪ್ಪಿದ್ದಾರೆ. ಕೀಳುವುದಕ್ಕೆ ಈ ಸಲ ಕಾವಲುಗಾರನನ್ನು ಕಳಿಸಬೇಡಿ, ನೀವೇ ಬನ್ನಿ.

ಇತಿ,
ನಿಮ್ಮ ಬಾಡಿಗೆಯವಳು